ಮುಂದಿನವರಿಗೆ ಬಿಟ್ಟ ಜಾಗ

ಕೆಲಸ ಹೋದ ದಿನ ನನ್ನ ರೈಲ್ವೆ ಪಾಸ್ ಮುಗಿಯಲು ಇನ್ನೂ ಹನ್ನೊಂದು ದಿನ ಬಾಕಿ ಇತ್ತು.

ಸಿವಿಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮೇಲೆ ನಕ್ಷೆ ಬಿಡಿಸುವ ಕೆಲಸಕ್ಕೆ ಸೇರಿದ್ದೆ. ಗುತ್ತಿಗೆ ನೌಕರಿ. ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿ, ಮಹಿಳೆಯರ ಬೋಗಿಯಲ್ಲಿ ನಿಂತುಕೊಂಡೇ ಯಶವಂತಪುರ ಸೇರಿ, ಅಲ್ಲಿಂದ ಬಸ್ ಹಿಡಿಯುತ್ತಿದ್ದೆ. ಒಂದು ಸಂಜೆ ಕರೆದು, ಹೊಸ ಪ್ರಾಜೆಕ್ಟ್ ಇಲ್ಲ, ನಾಳೆಯಿಂದ ಬರುವುದು ಬೇಡ ಎಂದರು. ಜಗಳವಾಡುವಂಥದ್ದೇನೂ ಇರಲಿಲ್ಲ. ಗುತ್ತಿಗೆ ಪತ್ರದಲ್ಲಿ ಎಲ್ಲವೂ ಬರೆದೇ ಇತ್ತು, ನಾನೇ ಓದಿರಲಿಲ್ಲ.

ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಮರುದಿನ ಎಂದಿನಂತೆ ಅಮ್ಮ ಡಬ್ಬಿ ಕಟ್ಟಿದರು, ನಾನು ಎಂದಿನಂತೆ ರೈಲು ಹತ್ತಿದೆ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಸಂಜೆಯವರೆಗೆ ಕೂತೆ. ಅದರ ಮರುದಿನವೂ ಅಷ್ಟೆ. ಉದ್ಯೋಗದ ಜಾಹೀರಾತು ನೋಡಿ ಬೇಸರವಾದಾಗ ಎಂಜಿನಿಯರಿಂಗ್ ಪುಸ್ತಕಗಳ ಕಪಾಟಿನ ಮುಂದೆ ನಿಲ್ಲುತ್ತಿದ್ದೆ. ಹಾಗೆ ಒಂದು ದಿನ ಸಿಡ್ನಿ ಹಾರ್ಬರ್ ಸೇತುವೆಯ ಚಿತ್ರವಿದ್ದ ಪುಸ್ತಕ ಕೈಗೆ ಬಂತು. ಹೊಸ ವರ್ಷದ ರಾತ್ರಿ ಟಿ.ವಿ.ಯಲ್ಲಿ ಬಾಣ ಬಿರುಸು ತೋರಿಸುತ್ತಾರಲ್ಲ, ಅದೇ ಸೇತುವೆ. ಸುಮ್ಮನೆ ಪುಟ ತಿರುಗಿಸುತ್ತಿದ್ದವಳು 1891ನೇ ಇಸವಿಯ ಮೇಲೆ ನಿಂತೆ. ಆ ಸೇತುವೆಯ ಹಿಂದಿದ್ದ ಎಂಜಿನಿಯರ್ ಆ ವರ್ಷ ಕೆಲಸ ಕಳೆದುಕೊಂಡಿದ್ದರು. ಆಗ ಅವರ ಕೆಲಸವೂ ನಕ್ಷೆ ಬಿಡಿಸುವುದೇ ಆಗಿತ್ತು.

ಅವರ ಹೆಸರು ಜಾನ್ ಜಾಬ್ ಕ್ರೂ ಬ್ರಾಡ್‌ಫೀಲ್ಡ್. ಹುಟ್ಟಿದ್ದು 1867ರ ಡಿಸೆಂಬರ್ 26ರಂದು, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದವರು. ಹಿಂದೆ ಕ್ರಿಮಿಯಾ ಯುದ್ಧದಲ್ಲಿ ಸೈನಿಕರಾಗಿದ್ದು, ನಂತರ ಕೂಲಿ ಕೆಲಸ ಮಾಡಿ ಸಂಸಾರ ಸಾಕಿದರು. ಮಗ ಓದಿದ್ದೆಲ್ಲ ವಿದ್ಯಾರ್ಥಿವೇತನದಲ್ಲಿ. ಇಪ್ಸ್‌ವಿಚ್ ಎಂಬ ಊರಿನ ಗ್ರಾಮರ್ ಶಾಲೆ, ಅಲ್ಲಿಂದ ಸಿಡ್ನಿ ವಿಶ್ವವಿದ್ಯಾಲಯ. 1889ರಲ್ಲಿ ಎಂಜಿನಿಯರಿಂಗ್ ಪದವಿ, ಜೊತೆಗೆ ಚಿನ್ನದ ಪದಕ. ಕೂಡಲೇ ಬ್ರಿಸ್ಬೇನ್‌ನ ರೈಲ್ವೆಯಲ್ಲಿ ನಕ್ಷೆಗಾರನ ಕೆಲಸವೂ ಸಿಕ್ಕಿತು.

ಚಿನ್ನದ ಪದಕ ಇದ್ದವರಿಗೆ ಯಾವ ಚಿಂತೆ ಎಂದುಕೊಳ್ಳುತ್ತೇವೆ. ಆದರೆ 1890ರ ದಶಕದಲ್ಲಿ ಆಸ್ಟ್ರೇಲಿಯಾವನ್ನು ದೊಡ್ಡ ಆರ್ಥಿಕ ಕುಸಿತ ಹಿಡಿಯಿತು. ಬ್ಯಾಂಕುಗಳು ಬಾಗಿಲು ಹಾಕಿದವು, ಸರ್ಕಾರಿ ಕಾಮಗಾರಿಗಳು ನಿಂತವು. 1891ರಲ್ಲಿ ಬ್ರಾಡ್‌ಫೀಲ್ಡ್ ಅವರನ್ನೂ ಕೆಲಸದಿಂದ ತೆಗೆದರು. ವಯಸ್ಸು 23. ಅದೇ ವರ್ಷ ಅವರ ಮದುವೆಯೂ ಆಗಿತ್ತು. ಹೊಸ ಸಂಸಾರ ಕಟ್ಟಿಕೊಂಡು ಸಿಡ್ನಿಗೆ ಬಂದು, ನ್ಯೂ ಸೌತ್ ವೇಲ್ಸ್‌ನ ಲೋಕೋಪಯೋಗಿ ಇಲಾಖೆಯಲ್ಲಿ ತಾತ್ಕಾಲಿಕ ನಕ್ಷೆಗಾರರಾಗಿ ಸೇರಿದರು. ಆ ತಾತ್ಕಾಲಿಕ ಎಂಬ ಪದ ಕಾಯಂ ಆಗಲು 1895ರವರೆಗೆ ಕಾಯಬೇಕಾಯಿತು.

ಆ ವರ್ಷಗಳಲ್ಲಿ ಅವರು ಪುಸ್ತಕ ಮುಚ್ಚಿಡಲಿಲ್ಲ. 1896ರಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಯನ್ನೂ ಪ್ರಥಮ ದರ್ಜೆಯಲ್ಲಿ, ಪದಕದೊಂದಿಗೆ ಪಡೆದರು. ಇಲಾಖೆಯಲ್ಲಿ ಅಣೆಕಟ್ಟು, ಸೇತುವೆ ಎನ್ನುತ್ತ ಬಗೆಬಗೆಯ ಕೆಲಸ ಕಲಿತರು. ಸಹಾಯಕ ಎಂಜಿನಿಯರ್ ಆಗುವ ಹೊತ್ತಿಗೆ 1909 ಬಂದಿತ್ತು, ವಯಸ್ಸು ನಲವತ್ತು ದಾಟಿತ್ತು. 1910ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರು. ಸಿಗಲಿಲ್ಲ. ಸಿಕ್ಕಿದ್ದರೆ ಸಿಡ್ನಿಯ ರೈಲು ಬೇರೆ ದಾರಿ ಹಿಡಿಯುತ್ತಿತ್ತೇನೋ.

ಅವರು ಮುಂದೆ ಮಾಡಿದ ಕೆಲಸ ಅರ್ಥವಾಗಬೇಕಾದರೆ ಆಗಿನ ಸಿಡ್ನಿಯನ್ನು ನೋಡಬೇಕು. 1906ರಲ್ಲಿ ಅಲ್ಲಿ ಸೆಂಟ್ರಲ್ ಎಂಬ ದೊಡ್ಡ ನಿಲ್ದಾಣ ತೆರೆದಿತ್ತು. ಆದರೆ ಅದು ಇದ್ದದ್ದು ನಗರದ ದಕ್ಷಿಣದ ಅಂಚಿನಲ್ಲಿ. ಕಚೇರಿ, ಅಂಗಡಿ, ಬಂದರು ಎಲ್ಲ ಇನ್ನೂ ಉತ್ತರಕ್ಕೆ. ಉಪನಗರಗಳಿಂದ ಬಂದವರೆಲ್ಲ ಸೆಂಟ್ರಲ್‌ನಲ್ಲಿ ಇಳಿದು ಒಟ್ಟಿಗೆ ಟ್ರಾಮ್‌ಗೆ ಮುಗಿಬೀಳುತ್ತಿದ್ದರು. ಯಶವಂತಪುರದಲ್ಲಿ ಇಳಿದು ಬಸ್ಸಿಗೆ ಓಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ತೊಡಕು ನೀರಿನದು. ಬಂದರಿನ ಉತ್ತರ ದಂಡೆಯಲ್ಲಿ ಬೇರೆಯದೇ ರೈಲು ಮಾರ್ಗವಿತ್ತು. ಅದು ಮಿಲ್ಸನ್ಸ್ ಪಾಯಿಂಟ್ ಎಂಬಲ್ಲಿ ನೀರಿನ ಅಂಚಿಗೆ ಬಂದು ಮುಗಿಯುತ್ತಿತ್ತು. ಅಲ್ಲಿಂದ ನಗರಕ್ಕೆ ದೋಣಿಯೇ ಗತಿ. ವರ್ಷಕ್ಕೆ ಕೋಟಿಗಟ್ಟಲೆ ಸಲ ಜನ ಹೀಗೆ ನೀರು ದಾಟುತ್ತಿದ್ದರು. ಒಂದೇ ಊರಿನ ರೈಲು ಎರಡು ತುಂಡಾಗಿತ್ತು.

ಮೂರನೆಯದು ಹೊರಗಿನವರ ಕಣ್ಣಿಗೆ ಬೀಳದ ತೊಡಕು. ಉಗಿ ಎಂಜಿನ್ನಿನ ರೈಲು ಕೊನೆಯ ನಿಲ್ದಾಣಕ್ಕೆ ಬಂದರೆ ಎಂಜಿನ್ ಕಳಚಬೇಕು, ಇನ್ನೊಂದು ತುದಿಗೆ ಎಂಜಿನ್ ಜೋಡಿಸಬೇಕು. ಅಷ್ಟು ಹೊತ್ತು ಆ ರೈಲು ಪ್ಲಾಟ್‌ಫಾರ್ಮ್ ಹಿಡಿದು ನಿಲ್ಲುತ್ತದೆ, ಹಿಂದಿನದು ಸಿಗ್ನಲ್ ಬಳಿ ಕಾಯುತ್ತದೆ. ಹೊರಗೆ ಎಷ್ಟು ಹಳಿ ಹಾಕಿದರೂ ಒಳಗೆ ರೈಲು ತಿರುಗುವ ಸಮಯ ಕಡಿಮೆಯಾಗದಿದ್ದರೆ ಹೆಚ್ಚು ರೈಲು ಓಡಿಸಲಾಗದು. ಚಿಕ್ಕಬಾಣಾವರ ದಾಟಿದ ಮೇಲೆ ನಮ್ಮ ರೈಲು ಸುಮ್ಮನೆ ನಿಂತಾಗಲೆಲ್ಲ ಡ್ರೈವರನ್ನು ಬೈದುಕೊಳ್ಳುತ್ತಿದ್ದೆ. ಮುಂದಿನ ನಿಲ್ದಾಣದಲ್ಲಿ ಜಾಗ ಖಾಲಿ ಇಲ್ಲದೆಯೂ ನಿಲ್ಲಿಸಿರಬಹುದು ಎಂಬುದು ಆ ಪುಸ್ತಕ ಓದಿದ ಮೇಲೆ ಹೊಳೆಯಿತು.

1913ರ ಹೊತ್ತಿಗೆ ಬ್ರಾಡ್‌ಫೀಲ್ಡ್ ಸಿಡ್ನಿಯ ಮಹಾನಗರ ರೈಲು ನಿರ್ಮಾಣದ ಮುಖ್ಯ ಎಂಜಿನಿಯರ್ ಆಗಿದ್ದರು. ಮರುವರ್ಷ ಯುರೋಪ್, ಅಮೆರಿಕಕ್ಕೆ ಹೋಗಿ ಅಲ್ಲಿನ ಸೇತುವೆ, ನೆಲದಡಿಯ ರೈಲುಗಳನ್ನು ನೋಡಿ ಬಂದರು. 1915ರಲ್ಲಿ ತಮ್ಮ ವರದಿ ಸಲ್ಲಿಸಿದರು. ಅದರ ತಿರುಳು ಹೀಗಿತ್ತು. ಉಪನಗರ ರೈಲುಗಳಿಗೆ ವಿದ್ಯುತ್ ಬರಬೇಕು. ಆಗ ಎರಡೂ ತುದಿಯಿಂದ ಓಡಿಸಬಹುದು, ಹೊಗೆ ಇಲ್ಲದ್ದರಿಂದ ಸುರಂಗದಲ್ಲೂ ಸಾಗಬಹುದು. ರೈಲು ಸೆಂಟ್ರಲ್‌ನಲ್ಲಿ ಮುಗಿಯಬಾರದು, ನಗರದ ಕೆಳಗೆ ಒಂದು ಸುತ್ತು ಹಾಕಿ ಬಂದ ಕಡೆಗೇ ಹೊರಡಬೇಕು. ಬಂದರಿನ ಮೇಲೆ ಸೇತುವೆ ಕಟ್ಟಿ ಉತ್ತರದ ತುಂಡನ್ನು ಇದಕ್ಕೆ ಸೇರಿಸಬೇಕು. ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರದ ಕಡಲತೀರದ ಬಡಾವಣೆಗಳಿಗೆ ಮುಂದೆ ಹೊಸ ಮಾರ್ಗಗಳು ಹೊರಡಬೇಕು.

ಸೇತುವೆಯನ್ನೇ ನೋಡುವ ನಮಗೆ ಅದೊಂದು ಸ್ಮಾರಕ. ಅವರ ನಕ್ಷೆಯಲ್ಲಿ ಅದು ಜಾಲದ ಒಂದು ಕೊಂಡಿ. ಸೇತುವೆಯ ಮೇಲೆ ರಸ್ತೆಯ ಜೊತೆಗೆ ನಾಲ್ಕು ಹಳಿಗಳಿಗೆ ಜಾಗ ಇಟ್ಟಿದ್ದರು. ಎರಡು ಹಳಿ ಉತ್ತರದ ರೈಲಿಗೆ, ಇನ್ನೆರಡು ಕಡಲತೀರದ ಕಡೆಗೆ ಮುಂದೆ ಬರಬೇಕಿದ್ದ ರೈಲಿಗೆ.

ವರದಿ ಬಂದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. 1916ರಲ್ಲಿ ಸೇತುವೆಯ ಮಸೂದೆ ಶಾಸನಸಭೆಯಲ್ಲಿ ಪಾಸಾಯಿತು, ಮೇಲ್ಮನೆಯಲ್ಲಿ ಬಿದ್ದುಹೋಯಿತು. ಯುದ್ಧಕ್ಕೇ ಹಣ ಸಾಲದಾಗ ಸೇತುವೆಗೆ ಎಲ್ಲಿಂದ ತರುವುದು ಎಂಬ ವಾದ. ನಗರದೊಳಗಿನ ಸುರಂಗದ ಕೆಲಸವೂ ಹಣವಿಲ್ಲದೆ ನಿಂತಿತು. ಕೊನೆಗೆ ಸೇತುವೆಯ ಕಾಯ್ದೆ ಬಂದದ್ದು 1922ರ ನವೆಂಬರ್‌ನಲ್ಲಿ. ಬ್ರಾಡ್‌ಫೀಲ್ಡ್‌ಗೆ ಆಗ 54 ವರ್ಷ. ನಡುವಿನ ವರ್ಷಗಳಲ್ಲಿ ಅವರು ಯೋಜನೆಯನ್ನು ತಿದ್ದುತ್ತಲೇ ಇದ್ದರು, ಮೊದಲು ಯೋಚಿಸಿದ್ದ ವಿನ್ಯಾಸದ ಬದಲು ಕಮಾನು ಸೇತುವೆಯತ್ತ ಹೊರಳಿದರು. 1924ರಲ್ಲಿ, 56ರ ವಯಸ್ಸಿನಲ್ಲಿ, ಇದೇ ರೈಲು ಮತ್ತು ಸೇತುವೆಯ ವಿಷಯದ ಮೇಲೆ ಪ್ರಬಂಧ ಬರೆದು ಸಿಡ್ನಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಎಂಜಿನಿಯರಿಂಗ್‌ನಲ್ಲಿ ಆ ಪದವಿ ಪಡೆದ ಮೊದಲಿಗರು ಅವರೇ.

ಅವರ ಜೊತೆ ಕೆಲಸ ಮಾಡಿದ ಒಬ್ಬ ಹೆಣ್ಣುಮಗಳ ಹೆಸರನ್ನೂ ಇಲ್ಲಿ ಹೇಳಬೇಕು. ಕ್ಯಾಥ್ಲೀನ್ ಬಟ್ಲರ್ ಅವರ ಹುದ್ದೆಯ ಹೆಸರು ಆಪ್ತ ಕಾರ್ಯದರ್ಶಿ. ಮಾಡಿದ್ದು ಟೆಂಡರ್ ಕಾಗದಪತ್ರ, ತಾಂತ್ರಿಕ ಪತ್ರವ್ಯವಹಾರದಂಥ ಹೊಣೆಯ ಕೆಲಸ. ಗುತ್ತಿಗೆ ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪನಿಗೆ ಸಿಕ್ಕಿದಾಗ, 1924ರಲ್ಲಿ ಎಂಜಿನಿಯರುಗಳ ಜೊತೆ ಲಂಡನ್ನಿಗೆ ಹೋಗಿ ಅಲ್ಲಿನ ಕಚೇರಿಯ ಕೆಲಸ ನಡೆಸಿದರು. 1927ರಲ್ಲಿ ಮದುವೆಯಾಗಿ ಕೆಲಸ ಬಿಟ್ಟರು. ಆ ಕಾಲದಲ್ಲಿ ಅದೇ ರೂಢಿ.

1926ರ ಮಾರ್ಚ್ 1ರಂದು ಸಿಡ್ನಿಯಲ್ಲಿ ಮೊದಲ ವಿದ್ಯುತ್ ರೈಲು ಓಡಿತು. ಅದೇ ಡಿಸೆಂಬರ್‌ನಲ್ಲಿ ನಗರದ ಕೆಳಗಿನ ಮೊದಲ ಎರಡು ನಿಲ್ದಾಣಗಳು ತೆರೆದವು: ಮ್ಯೂಸಿಯಂ ಮತ್ತು ಸೇಂಟ್ ಜೇಮ್ಸ್. 1932ರ ಫೆಬ್ರುವರಿಯಲ್ಲಿ ಪಶ್ಚಿಮ ಬದಿಯ ಟೌನ್ ಹಾಲ್, ವಿನ್ಯಾರ್ಡ್ ನಿಲ್ದಾಣಗಳು ಬಂದವು. ಸೇತುವೆಯ ಮೇಲೆ ತೊಂಬತ್ತಕ್ಕೂ ಹೆಚ್ಚು ಉಗಿ ಎಂಜಿನ್‌ಗಳನ್ನು ಸಾಲಾಗಿ ನಿಲ್ಲಿಸಿ ಭಾರ ಪರೀಕ್ಷೆ ಮಾಡಿದರು. ಮಾರ್ಚ್ 19ರಂದು 503 ಮೀಟರ್ ಉದ್ದದ ಕಮಾನಿನ ಆ ಸೇತುವೆ ಜನರಿಗೆ ತೆರೆಯಿತು. ದೋಣಿಗಾಗಿ ಕಾಯುತ್ತಿದ್ದವರು ಕೂತ ಸೀಟಿನಿಂದ ಏಳದೆ ನಗರ ಸೇರಿದರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಗೆದ್ದವರ ಕತೆಯಾಗುತ್ತದೆ. ಸೇತುವೆಗಾಗಿ ಎರಡೂ ದಂಡೆಯಲ್ಲಿ ನೂರಾರು ಕಟ್ಟಡಗಳನ್ನು ಕೆಡವಿದರು. ಮನೆ ಮಾಲೀಕರಿಗೆ ಪರಿಹಾರ ಸಿಕ್ಕಿತು, ಬಾಡಿಗೆಗಿದ್ದ ಬಡವರಿಗೆ ಸಿಗಲಿಲ್ಲ. ಕಟ್ಟುವಾಗ 16 ಕಾರ್ಮಿಕರು ಜೀವ ಕಳೆದುಕೊಂಡರು. ಸೇತುವೆಯ ವಿನ್ಯಾಸ ತಮ್ಮದು ಎಂದು ಕಂಪನಿಯ ಸಲಹಾ ಎಂಜಿನಿಯರ್ ರಾಲ್ಫ್ ಫ್ರೀಮನ್ ಕಡೆಯವರೂ, ಇಲ್ಲ ಬ್ರಾಡ್‌ಫೀಲ್ಡರದು ಎಂದು ಇವರ ಕಡೆಯವರೂ ಕಿತ್ತಾಡಿದರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅವರ ರೈಲು ಜಾಲ ಅರ್ಧಕ್ಕೇ ನಿಂತಿತು.

ಸೇತುವೆ ತೆರೆಯುವ ಹೊತ್ತಿಗೆ ಮಹಾ ಆರ್ಥಿಕ ಕುಸಿತ ಬಂದಿತ್ತು, ಅದರ ಬೆನ್ನಿಗೆ ಎರಡನೇ ಮಹಾಯುದ್ಧ. ನಗರದ ಕೆಳಗಿನ ಸುತ್ತು ಪೂರ್ತಿಯಾಗಲು ಒಂದೇ ನಿಲ್ದಾಣದ ದೂರ ಉಳಿದಿತ್ತು, ಆದರೆ ಸೇಂಟ್ ಜೇಮ್ಸ್‌ಗೂ ವಿನ್ಯಾರ್ಡ್‌ಗೂ ನಡುವಿನ ಆ ಕೊಂಡಿ ಕೂಡಲಿಲ್ಲ. ಪೂರ್ವದ ಮಾರ್ಗ, ಪಶ್ಚಿಮದ ಮಾರ್ಗ, ಕಡಲತೀರದ ಮಾರ್ಗ, ಎಲ್ಲವೂ ಕಾಗದದ ಮೇಲೆ ಉಳಿದವು. 1933ರಲ್ಲಿ ಬ್ರಾಡ್‌ಫೀಲ್ಡ್ ನಿವೃತ್ತರಾದರು. 1943ರ ಸೆಪ್ಟೆಂಬರ್ 23ರಂದು, ಉತ್ತರ ದಂಡೆಯ ಗಾರ್ಡನ್ ಎಂಬ ಬಡಾವಣೆಯಲ್ಲಿ ತೀರಿಕೊಂಡರು. ತಾವು 28 ವರ್ಷ ಹಿಂದೆ ಬರೆದಿಟ್ಟ ಸುತ್ತು ಪೂರ್ತಿಯಾದದ್ದನ್ನು ಅವರು ನೋಡಲಿಲ್ಲ.

ನನ್ನನ್ನು ತುಂಬ ಹಿಡಿದು ನಿಲ್ಲಿಸಿದ್ದು ಸೇಂಟ್ ಜೇಮ್ಸ್ ನಿಲ್ದಾಣದ ಸಂಗತಿ. ಅದನ್ನು ಕಟ್ಟುವಾಗಲೇ ಬ್ರಾಡ್‌ಫೀಲ್ಡ್ ನಾಲ್ಕು ಹಳಿಗಳಿಗೆ ಜಾಗ ಬಿಡಿಸಿದ್ದರು. ಎರಡು ಅಂದಿನ ರೈಲಿಗೆ, ಎರಡು ಮುಂದೆ ಬರುವ ಮಾರ್ಗಗಳಿಗೆ. ರೈಲು ಓಡಲು ಶುರುವಾದ ಮೇಲೆ ಅದರ ಪಕ್ಕದಲ್ಲಿ ನೆಲ ಅಗೆಯುವುದು ಎಷ್ಟು ಕಷ್ಟ, ಎಷ್ಟು ಖರ್ಚು ಎಂಬುದು ಅವರಿಗೆ ಗೊತ್ತಿತ್ತು. ಆದರೆ ಆ ನಡುವಿನ ಹಳಿಗಳಿಗೆ ರೈಲು ಬರಲೇ ಇಲ್ಲ. ಅದಕ್ಕಾಗಿ ತೋಡಿದ್ದ ಸುರಂಗದಲ್ಲಿ 1930ರ ದಶಕದಲ್ಲಿ ಅಣಬೆ ಬೆಳೆಯಲು ನೋಡಿದರು. ಯುದ್ಧದ ಕಾಲಕ್ಕೆ ಬಾಂಬ್ ದಾಳಿಯಿಂದ ಜನರನ್ನು ಕಾಪಾಡುವ ಆಶ್ರಯತಾಣ ಮಾಡಿದರು. ಸೇತುವೆಯ ಮೇಲಿನ ಇನ್ನೆರಡು ಹಳಿಗಳ ಮೇಲೆ 1958ರವರೆಗೆ ಟ್ರಾಮ್ ಓಡಿತು, ಆಮೇಲೆ ಆ ಜಾಗವೂ ಕಾರುಗಳ ಪಾಲಾಯಿತು.

ಹಾಗಾದರೆ ಬಿಟ್ಟ ಜಾಗವೆಲ್ಲ ವ್ಯರ್ಥವೇ? ಇಲ್ಲ. 1956ರಲ್ಲಿ ಸರ್ಕ್ಯುಲರ್ ಕೀ ನಿಲ್ದಾಣ ತೆರೆದು ನಗರದ ಸುತ್ತು ಕೂಡಿಕೊಂಡಿತು. ಆಗ ಅವರು ತೀರಿಕೊಂಡು 12 ವರ್ಷ ದಾಟಿತ್ತು. 1979ರಲ್ಲಿ ಪೂರ್ವದ ಉಪನಗರಗಳಿಗೆ ರೈಲು ಬಂತು. ಆ ರೈಲು ನಿಲ್ಲಲು ಟೌನ್ ಹಾಲ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್‌ಗಳು 1932ರಿಂದಲೇ ಕಾದಿದ್ದವು. ಬಿಟ್ಟ ಜಾಗದಲ್ಲಿ ಕೆಲವು ತುಂಬಿದವು, ಕೆಲವು ತುಂಬಲಿಲ್ಲ. ಯಾವುದು ತುಂಬುತ್ತದೆ ಎಂದು ಬಿಡುವ ದಿನ ಗೊತ್ತಾಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ಸಿಡ್ನಿ ಮೆಟ್ರೊ ಬಂದರಿನ ತಳದ ಸುರಂಗದಲ್ಲಿ ನೀರು ದಾಟಿತು. ಸೇತುವೆಯ ನಂತರ ಬಂದರಿಗೆ ಇನ್ನೊಂದು ರೈಲು ದಾರಿ ಸಿಗಲು 92 ವರ್ಷ ಹಿಡಿದಿತ್ತು.

ನಮ್ಮಲ್ಲೂ ಈಗ ಇಂಥದ್ದೇ ಕೆಲಸ ನಡೆದಿದೆ. ಬೆಂಗಳೂರು ಉಪನಗರ ರೈಲು ಎಂದರೆ 148 ಕಿಲೋಮೀಟರ್, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು. 2020ರಲ್ಲಿ ಕೇಂದ್ರ ಸಂಪುಟ ಒಪ್ಪಿತು, 2022ರಲ್ಲಿ ಶಂಕುಸ್ಥಾಪನೆಯಾಯಿತು. ಮಲ್ಲಿಗೆ ಮಾರ್ಗ ಬರುವುದು ನಾವು ದಿನಾ ದಾಟುವ ಚಿಕ್ಕಬಾಣಾವರಕ್ಕೇ. ಎಂದು ಮುಗಿಯುತ್ತದೋ ಎಂದು ಬೋಗಿಯಲ್ಲಿ ಎಲ್ಲರೂ ಗೊಣಗುತ್ತೇವೆ. ಗೊಣಗುವುದು ತಪ್ಪಲ್ಲ, ನಿಂತು ಪ್ರಯಾಣ ಮಾಡುವವರ ಹಕ್ಕು ಅದು. ಈಗ ನಾನು ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುತ್ತೇನೆ. ಇವತ್ತು ಕಟ್ಟುವ ನಿಲ್ದಾಣದಲ್ಲಿ, ಇನ್ನೂ ಹುಟ್ಟದ ಮಾರ್ಗಕ್ಕೆ ಜಾಗ ಇದೆಯೇ?

ಪಾಸಿನ ಕೊನೆಯ ದಿನ ಸಂಜೆ ಮನೆಗೆ ಬಂದಾಗ ಅಪ್ಪ ತಾರಸಿಯ ಮೇಲಿದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಕಟ್ಟಿದ ಮನೆ ಅದು. ಮುಂದೆ ಮೇಲೊಂದು ಮಹಡಿ ಏರಿಸಬೇಕೆಂದು ಪಿಲ್ಲರ್ ಕಂಬಿಗಳನ್ನು ಮೇಲಕ್ಕೆ ಬಿಟ್ಟಿದ್ದರು. ನಮ್ಮ ಊರುಗಳಲ್ಲಿ ಯಾವ ಬೀದಿಗೆ ಹೋದರೂ ತಾರಸಿಯ ಮೇಲೆ ಇಂಥ ಕಂಬಿಗಳು ಕಾಣುತ್ತವೆ. ದುಡ್ಡು ಕೂಡಿಬರದೆ ನಮ್ಮ ಮಹಡಿ ಏಳಲೇ ಇಲ್ಲ. ಯಾವಾಗ ಕಟ್ಟಿಸುತ್ತೀರಿ ಎಂದು ಕೇಳುವವರು ಕೇಳುತ್ತಲೇ ಇದ್ದಾರೆ. ಅಪ್ಪ ಉತ್ತರ ಕೊಡುವುದಿಲ್ಲ. ತುಕ್ಕು ಹಿಡಿಯದಿರಲಿ ಎಂದು ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಆ ಕಂಬಿಗಳಿಗೆ ಸಿಮೆಂಟ್ ಕಲಸಿದ ನೀರು ಬಳಿಯುತ್ತಾರೆ. ಅವತ್ತೂ ಅದನ್ನೇ ಮಾಡುತ್ತಿದ್ದರು.

ಕೆಲಸ ಹೋಗಿದೆ ಎಂದು ಅಲ್ಲೇ ಹೇಳಿಬಿಟ್ಟೆ. ಎಷ್ಟು ದಿನವಾಯಿತು ಎಂದು ಕೇಳಿದರು. ಹನ್ನೊಂದು ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಊಟ ಮಾಡುತ್ತಿದ್ದೆಯಾ ಎಂದು ಮಾತ್ರ ಕೇಳಿದರು. ನನಗೆ ಅಳು ಬಂತು. ಬಕೆಟ್ ಹಿಡಿದುಕೊಂಡು ಅವರ ಜೊತೆ ಉಳಿದ ಕಂಬಿಗಳಿಗೆ ನಾನೂ ಬಳಿದೆ.

ಗೆಳೆಯರೇ, ಕತೆ ಓದಿದ ಮರುದಿನವೇ ನನಗೆ ಒಳ್ಳೆಯ ನೌಕರಿ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಈಗ ತುಮಕೂರಿನಲ್ಲೇ ಒಬ್ಬ ಎಂಜಿನಿಯರ್ ಬಳಿ ಮನೆ ನಕ್ಷೆ ಬಿಡಿಸುತ್ತಿದ್ದೇನೆ. ಮೊದಲಿಗಿಂತ ಸಂಬಳ ಕಡಿಮೆ, ಇದೂ ತಾತ್ಕಾಲಿಕವೇ. ರಾತ್ರಿ ಡಿಸಿಇಟಿಗೆ ಓದುತ್ತೇನೆ. ತಾತ್ಕಾಲಿಕ ಎಂಬ ಪದ ಈಗ ಮೊದಲಿನಷ್ಟು ಚುಚ್ಚುವುದಿಲ್ಲ. ನಾಲ್ಕು ವರ್ಷ ಆ ಪದವನ್ನು ಹೊತ್ತುಕೊಂಡೇ ಒಬ್ಬರು ಎಂ.ಇ.ಗೆ ಓದುತ್ತಿದ್ದರು ಎಂಬುದು ಗೊತ್ತಾಗಿದೆಯಲ್ಲ.

ಹೋದ ವಾರ ಒಬ್ಬ ರೈತರು ಎರಡು ಕೋಣೆಯ ಮನೆಯ ನಕ್ಷೆ ಬೇಕೆಂದು ಬಂದಿದ್ದರು. ಮೇಲೆ ಕಟ್ಟುವ ಯೋಚನೆ ಇಲ್ಲ, ಅಷ್ಟು ದುಡ್ಡಿಲ್ಲ ಎಂದರು. ಮುಂದೆ ಮಕ್ಕಳು ಕಟ್ಟಬಹುದಲ್ಲ ಎಂದೆ. ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಅಡುಗೆಮನೆಯ ಪಕ್ಕದಲ್ಲಿ ಮೆಟ್ಟಿಲಿಗೆ ಜಾಗ ಗುರುತು ಮಾಡಿದೆ.